ಕುಬಸದ ಹಿಂದಿನ ದಿನ ಬಂದ ಫೋನು

ಮನೀಷಾ, ನೀವು ಹೇಳಿದ್ದಿರಿ. ಅಂದೇ ಸ್ನೇಹಲ್‌ಳನ್ನು ಮಿರಜಿನ ಆಸ್ಪತ್ರೆಗೆ ಕರೆತರಬೇಕೆಂದು ಬಿಡಿಸಿ ಹೇಳಿದ್ದಿರಿ. ಕೇಳಿಸಿಕೊಂಡವಳು ನಾನು, ಅವಳ ತಾಯಿ. ನೀವು ಹೇಳಲೇ ಇಲ್ಲ ಎಂದು ಸುಳ್ಳಾಡಿದವಳೂ ನಾನೇ.

ಆ ಆಸ್ಪತ್ರೆಯಲ್ಲಿ ನೀವು ಕೆಲಸ ಮಾಡುತ್ತಿದ್ದ ಸಂಶೋಧನೆಗೆ ನನ್ನ ಮಗಳು ಮನಸಾರೆ ರಕ್ತ ಕೊಟ್ಟಿದ್ದಳು. ಗರ್ಭದಲ್ಲಿ ಮಾಸಿನ ರಕ್ತನಾಳಗಳು ಸರಿಯಾಗಿ ಬೆಳೆಯದಿದ್ದರೆ ಬಸುರಿಯ ಬಿಪಿ ಏರುತ್ತದೆ, ಫಿಟ್ಸ್ ಬರಬಹುದು. ಅದರ ಸುಳಿವು ರಕ್ತದಲ್ಲಿ ಮೊದಲೇ ಸಿಗುತ್ತದೆಯೇ ಎಂದು ನೋಡುತ್ತಿದ್ದಾರೆ — ವಿಶ್ರಾಮಬಾಗದ ನಮ್ಮ ಅಡುಗೆಮನೆಯಲ್ಲಿ ನಿಂತು ಅವಳೇ ತಿಳಿಸಿದ್ದಳು. ನಾನು ರೊಟ್ಟಿ ತಟ್ಟುತ್ತ ಹೂಂಗುಟ್ಟಿದ್ದೆ.

ನೀವು ಫೋನು ಮಾಡಿದ ಮರುದಿನ ಅವಳ ಕುಬಸ, ಬಸುರಿಗೆ ಉಡಿ ತುಂಬುವ ಶಾಸ್ತ್ರ. ಕೈತುಂಬ ಮೆಹಂದಿ ಇದ್ದುದರಿಂದ ಅವಳ ಮೊಬೈಲನ್ನು ನಾನೇ ಎತ್ತಿದೆ; ನೀವು ನನ್ನನ್ನು ಚಿಕ್ಕಮ್ಮನಂತೆ ಮಾವಶಿ ಎನ್ನುತ್ತಿದ್ದಿರಿ.

“ಮಾವಶಿ, ಸ್ನೇಹಲ್ ಅವರ ರಕ್ತದ ರಿಪೋರ್ಟ್ ಚಲೋ ಇಲ್ಲರಿ. ಬಿಪಿನೂ ಏರೇತಿ. ಇವತ್ತ ಕರ್ಕೊಂಡ ಬರ್ರಿ, ಅಡ್ಮಿಟ್ ಮಾಡಬೇಕು.”

“ನಾಳೆ ಕುಬಸ ಐತ್ರಿ ಬಾಯಿ. ಮುಗಿಸ್ಕೊಂಡ ಬರ್ತೀವಿ.”

“ಕುಬಸ ಆಮ್ಯಾಲೆ ಮಾಡ್ರಿ. ಇದು ಕಾಯೂದಲ್ಲರಿ.”

ಹೂಂ ಎಂದು ಫೋನಿಟ್ಟೆ. ಯಾರದೆಂದು ಸ್ನೇಹಲ್ ಕೇಳಿದಳು.

“ಶಿಂಪಿದು. ಬ್ಲೌಸ್ ಆಗೇತಂತ.”

ಹರಿಪುರದಿಂದ ಬೀಗರು ಬರುವವರಿದ್ದರು. ಹೂರಣ ರುಬ್ಬಿ ಆಗಿತ್ತು. ಬಸುರಿ ಮಗಳಲ್ಲಿ ಏನೋ ಕೊರತೆಯಿದೆ ಎಂದು ನಾಲ್ಕು ಜನ ಆಡಿಕೊಳ್ಳಬಾರದು — ಅಷ್ಟಕ್ಕೆ? ಅಷ್ಟಕ್ಕೇ.

ಕುಬಸದ ದಿನ ಹಸಿರು ಬಳೆ ಅವಳ ಕೈಗೆ ಏರಲಿಲ್ಲ. ಬಳೆಗಾರ್ತಿ ಸಾಬೂನು ಹಚ್ಚಿ ಒತ್ತಿದಳು. ನನ್ನ ನಾದಿನಿ ಚೇಷ್ಟೆ ಮಾಡಿದಳು: “ತವರಮನಿ ತುಪ್ಪ ನೋಡ್ರಿ, ಮುಂಗೈಗೇ ಬಂದೇತಿ!” ಎಲ್ಲರೂ ನಕ್ಕರು. ನಾನೂ ನಕ್ಕೆ. ಇದು ಮೈ ತುಂಬಿದ್ದಲ್ಲ, ಬಾವು ಎಂದು ಗುಮಾನಿಪಡಬೇಕಾದವಳು ಆ ಕೋಣೆಯಲ್ಲಿ ನಾನೊಬ್ಬಳೇ.

“ಅವ್ವಾ, ತಲಿ ಸಿಡ್ಯಾಕತ್ತೇತಿ. ಕಣ್ಣ ಮುಂದ ಮಿಂಚಿನಂಗ ಆಗತೈತಿ.”

“ಆರತಿ ಒಂದ ಆಗ್ಲಿ, ತಡಿ.”

ಆರತಿಯಾಯಿತು. ಫಿಟ್ಸ್ ಬಂತು. ಮಿರಜಿಗೆ ಒಯ್ದೆವು. ಅವಳೂ ಉಳಿಯಲಿಲ್ಲ, ಕೂಸೂ —

ಆಸ್ಪತ್ರೆಯಲ್ಲಿ ಅಳಿಯ ನಿಮ್ಮ ಮೇಲೆ ಏರಿಹೋದ. “ನಾ ಫೋನ್ ಮಾಡಿ ಹೇಳೇನ್ರಿ, ಮಾವಶೀನ ಕೇಳ್ರಿ” ಎಂದಿರಿ. ಎಲ್ಲರೂ ನನ್ನತ್ತ ತಿರುಗಿದರು.

“ಫೋನ್ ಬಂದಿತ್ತು,” ಎಂದೆ. “ಬರೇ ಮುಂದಿನ ತಾರೀಖು ಹೇಳಿದ್ರು.”

ನಿಮ್ಮನ್ನು ಕೆಲಸದಿಂದ ತೆಗೆದರು. ಪ್ರಯೋಗ ಮಾಡಿ ಹುಡುಗಿಯನ್ನು ಕೊಂದರು ಎಂದು ಊರೆಲ್ಲ ಮಾತಾಯಿತು. ನಮ್ಮ ಗಲ್ಲಿಯ ಬಸುರಿಯರು ರಕ್ತ ಕೊಡುವುದನ್ನೇ ಬಿಟ್ಟರು. ನಾನು ಬಾಯಿ ಬಿಡಲಿಲ್ಲ. ಮಾತಾಡಿಸಲು ಬಂದವರು, “ಉಡಿ ತುಂಬಿಸ್ಕೊಂಡ ಹೋದ್ಲು, ಪುಣ್ಯವಂತಿ” ಎಂದರು. ಪುಣ್ಯ! ಹಣೆಬರಹ! ಆ ಮಾತುಗಳಿಗೆ ಇಂದಿಗೂ ಮೈ ಉರಿಯುತ್ತದೆ. ಹೆಣ್ಣುಮಗಳು ತಲೆ ಸಿಡಿಯುತ್ತದೆ ಎಂದರೆ ಆರತಿ ಆಗಲಿ ಎನ್ನುವ ಮನೆಗೆ ಬೆಂಕಿ ಬೀಳಲಿ ಎನಿಸುತ್ತದೆ — ಆ ಮನೆಯ ಹಿರಿಯಳು ನಾನು.

ಇಷ್ಟು ವರ್ಷಗಳ ನಂತರ ನಿನ್ನೆ ಅಳಿಯನಿಗೆ ಹೇಳಿದೆ. ಅವನು ಎದ್ದು ಹೋಗುವಾಗ ಇಷ್ಟೇ ಅಂದ: “ಆ ದವಾಖಾನಿ ಹುಡುಗಿ ಮ್ಯಾಲೆ ನಾ ಕೈ ಎತ್ತಿದ್ನಲ್ಲರಿ, ಅತ್ತಿ.”

ನಾಳೆ ಆಸ್ಪತ್ರೆಗೆ ಹೋಗಿ ದೊಡ್ಡ ಡಾಕ್ಟರ ಮುಂದೆ ಎಲ್ಲವನ್ನೂ ಹೇಳುತ್ತೇನೆ. ಆಮೇಲೆ ನಮ್ಮ ಗಲ್ಲಿಯಲ್ಲಿ, ಬಸುರಿಯರಿರುವ ಪ್ರತಿ ಮನೆಯಲ್ಲಿ. ಇನ್ನು ಯಾರೂ ನನ್ನನ್ನು ಉಡಿ ತುಂಬಲು ಕರೆಯಲಿಕ್ಕಿಲ್ಲ. ಕರೆಯಲೂಬಾರದು.