ಒಂದೇ ನಮೂನಿ

ಮರಾಠಿ ಸೀಮೆಯ ಬಿಬವೇವಾಡಿಯಲ್ಲಿ ಬಂದೂಕು ರಿಪೇರಿ ಮಾಡುವ ಗುರುಸಿದ್ಧಪ್ಪ ಬಡಿಗೇರರ ಮುಂದೆ ‘ಒಂದೇ ನಮೂನಿ’ ಎಂಬ ಮಾತನ್ನು ಯಾರೂ ಆಡಕೂಡದು. ನೂರು ವರ್ಷ ದಾಟಿದ ಒಂಟಿ ಗುಂಡಿನ ರೈಫಲ್ ಇಟ್ಟುಕೊಂಡ ಹವ್ಯಾಸಿಗಳು, ನಳಿಗೆಯ ಹಿಂಬದಿ ಮುಚ್ಚುವ ಬ್ರೀಚ್ ತುಂಡನ್ನು ಇನ್ನೊಂದು ರೈಫಲಿನಿಂದ ಬಿಚ್ಚಿ ತಂದು, ಎರಡೂ ಒಂದೇ ನಮೂನಿ, ಇದನ್ನೇ ಜೋಡಿಸಿಕೊಡಿ ಎನ್ನುತ್ತಾರೆ. ಅಲ್ಲಿಗೆ ಗುರುಸಿದ್ಧಪ್ಪನವರ ಮೂಗು ಕೆಂಪೇರುತ್ತದೆ. “ಕಂಪನಿ ಒಂದ ಇದ್ರ ಆತೇನ್ರಿ? ಆಗಿನವ್ರು ಒಂದೊಂದನ್ನೂ ಕೈಲೆ ತಿಕ್ಕಿ ಕೂಡ್ಸ್ಯಾರ. ನಿಮ್ಮ ಹಲ್ಲಿನ ಸೆಟ್ ನಿಮ್ಮ ಬೀಗರ ಬಾಯಿಗೆ ಕೂಡ್ತದೇನು?” ಮರಾಠಿ ಗಿರಾಕಿಗಳಿಗೆ ಇದೇ ಬೈಗುಳ ಮರಾಠಿಯಲ್ಲಿ, ಇನ್ನಷ್ಟು ಖಾರವಾಗಿ. ವಿಮಾನ ನಗರದ ಗಿರಾಕಿಯೊಬ್ಬರು ಮೊಬೈಲಿನಲ್ಲಿ ಚಿತ್ರ ತೋರಿಸಿ ವಾದಕ್ಕಿಳಿದಾಗ, ಗುರುಸಿದ್ಧಪ್ಪ ಅವರು ತಂದ ತುಂಡನ್ನು ಬೀದಿಗೆಸೆದು, ತಾವೇ ಹೋಗಿ ಹೆಕ್ಕಿ, ಎಣ್ಣೆ ಬಟ್ಟೆಯಲ್ಲಿ ಒರೆಸುತ್ತ ಮತ್ತೆ ಬೈದಿದ್ದರು. ಗದ್ದಲ ಮಿತಿಮೀರಿದರೆ ಒಳಗಿನ ಕೋಣೆಯಿಂದ ತಮ್ಮ ಈರಣ್ಣ ಗೋಡೆ ತಡವುತ್ತ ಹೊರಬರುತ್ತಾನೆ. ಇಪ್ಪತ್ತೆರಡು ವರ್ಷದ ಹಿಂದೆ ಗುರುಸಿದ್ಧಪ್ಪ ಅಳತೆ ನೋಡದೆ ಜೋಡಿಸಿದ ಬ್ರೀಚ್, ಪರೀಕ್ಷೆಯ ಗುಂಡು ಹಾರಿಸುವಾಗಲೇ ಸಿಡಿದು ಅವನ ಎರಡೂ ಕಣ್ಣುಗಳನ್ನು ತೆಗೆದಿತ್ತು. “ಅವ್ರಿಗ್ಯಾಕ ಬೈತಿ, ಅಣ್ಣಾ? ಅವ್ರು ಕೇಳಾಕ ಬಂದಾರ. ನಾವು ಯಾರನ್ನೂ ಕೇಳಲಿಲ್ಲ,” ಎನ್ನುತ್ತಾನೆ. ಗುರುಸಿದ್ಧಪ್ಪ ತಮ್ಮನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸುತ್ತಾರೆ. ಆಮೇಲೆ ಗಿರಾಕಿಯ ರೈಫಲನ್ನು ಬೆಳಕಿಗೆ ಹಿಡಿದು ಅಳೆಯತೊಡಗುತ್ತಾರೆ.