ಮೂಲೆಯಲ್ಲೊಂದು ಹಳದಿ ಗಂಟು

ಸೂರ್ಯ ಇನ್ನೂ ಮೂಡಿಲ್ಲ. ಲಾಂಡ್ರಿಯ ದೊಡ್ಡ ಕೋಣೆಯಲ್ಲಿ ಹಬೆ ಎಷ್ಟು ದಟ್ಟವಾಗಿದೆಯೆಂದರೆ ಮನುಷ್ಯರು ಸೊಂಟದಿಂದ ಕೆಳಕ್ಕಷ್ಟೇ ಕಾಣುತ್ತಾರೆ. ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವಿನಿಂದ ಬಿಳಿ ಹಾಸುಗಳು ಒಂದರ ಹಿಂದೊಂದು ತೇಲಿ ಬರುತ್ತವೆ. ತುದಿಯಲ್ಲಿ ನಿಂತ ಮೇಲ್ವಿಚಾರಕಿ ಕಣ್ಣು ಮುಚ್ಚಿಕೊಂಡೇ ಹಾಸಿನ ಮೂಲೆ ಸವರುತ್ತಾರೆ. ಬೆರಳಿಗೆ ಪುಟ್ಟ ದಾರದ ಗಂಟು ಸಿಕ್ಕಿದರೆ ಮುಖ ಅರಳುತ್ತದೆ. ಇಲ್ಲಿ ಎಲ್ಲರೂ ಅವರನ್ನು ಗಂಟಕ್ಕ ಎಂದೇ ಕರೆಯುವುದು.

“ಇದರ ಮೇಲೆ ಮಲಗಿದ್ದೋರು ಯಾರೋ, ಅವರಿಗೆ ಏನು ಕನಸು ಬಿತ್ತೋ ಅಂತ ಯೋಚ್ನೆ ಬರುತ್ತೆ ನೋಡಿ,” ಎನ್ನುತ್ತಾರೆ ಗಂಟಕ್ಕ. “ಕನಸು ತೊಳೆದು ಹೋಗಿರುತ್ತೆ ಬಿಡಿ. ಕಲೆ ಹೋಗಿದೆಯಾ ಅನ್ನೋದಷ್ಟೇ ನನ್ನ ಕೆಲಸ.”

ಆಸ್ಪತ್ರೆ, ಲಾಡ್ಜುಗಳ ಹಾಸು, ದಿಂಬಿನ ಗವಸು ಎಲ್ಲ ಸೇರಿ ದಿನಕ್ಕೆ ಎರಡು ಸಾವಿರದಷ್ಟು ಇಲ್ಲಿಗೆ ಬರುತ್ತವೆ. ಮೊದಲು ತೊಳೆಯುವವರು, ಒಣಗಿಸುವವರು, ಇಸ್ತ್ರಿಯವರು, ಮಡಿಸುವವರು ಎಂದು ನಾಲ್ಕು ವಿಭಾಗಗಳಿದ್ದವು. ಕಲೆಯಿದ್ದ ಹಾಸು ವಾಪಸ್ಸು ಬಂದರೆ ತೊಳೆಯುವವರು ಒಣಗಿಸುವವರತ್ತ ಬೆರಳು ತೋರಿಸುತ್ತಿದ್ದರು, ಅವರು ಇಸ್ತ್ರಿಯವರತ್ತ. ಅಯ್ಯೋ, ಆಗ ಈ ಲಾಂಡ್ರಿಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ತೊಳೆದದ್ದು ಕೈಯನ್ನೇ! ಕೊನೆಗೆ ದಂಡ ಎಲ್ಲರ ತಲೆಯ ಮೇಲೂ ಬೀಳುತ್ತಿತ್ತು. ಚೆನ್ನಾಗಿ ದುಡಿದರೂ ಅಷ್ಟೇ, ದುಡಿಯದಿದ್ದರೂ ಅಷ್ಟೇ ಎಂದಾದಾಗ ದುಡಿಯುವವರ ಕೈಯೂ ಸೋತಿತು.

ಮೇಲ್ವಿಚಾರಕಿಯಾದ ಮೇಲೆ ಗಂಟಕ್ಕ ಮೊದಲು ಮಾಡಿದ್ದು ವಿಭಾಗಗಳನ್ನು ಒಡೆದದ್ದು. ತೊಳೆಯುವವರೊಬ್ಬರು, ಒಣಗಿಸುವವರೊಬ್ಬರು, ಇಸ್ತ್ರಿಯವರೊಬ್ಬರು, ಮಡಿಸುವವರೊಬ್ಬರು ಸೇರಿ ಒಂದು ಗುಂಪು. ಕೊಳೆಯ ಚೀಲ ಬಿಚ್ಚುವುದರಿಂದ ಹಿಡಿದು ಮಡಿಸಿ ಕಳಿಸುವವರೆಗೆ ಹಾಸು ಆ ನಾಲ್ವರದೇ. ಗುಂಪಿಗೊಂದು ಬಣ್ಣದ ದಾರ. ಹಾಸಿನ ಮೂಲೆಗೆ ಹಾಕಿದ ಗಂಟು ಅದು ಹರಿಯುವವರೆಗೂ ಅಲ್ಲೇ. ವಾಪಸ್ಸು ಬಂದರೆ ದಂಡವಿಲ್ಲ, ಆ ಗುಂಪೇ ಸರಿಮಾಡಬೇಕು.

“ಚಿಕ್ಕೋರಿದ್ದಾಗ ನಮ್ಮಮ್ಮ ನಮ್ಮ ಬಟ್ಟೆಗಳಿಗೆ ಹೀಗೇ ದಾರ ಕಟ್ತಿದ್ರು. ನನ್ನ ದಾರ ಇರೋದು ಹರಿದ್ರೆ ನಾನೇ ಹೊಲೀಬೇಕಿತ್ತು. ತಂಗಿ ತಲೆಗೆ ಕಟ್ಟೋ ಹಾಗೇ ಇರ್ಲಿಲ್ಲ!” ಎಂದು ನಗುತ್ತಾರೆ.

ಮಾಲೀಕರು ಅರೆಮನಸ್ಸಿನಿಂದಲೇ ಒಪ್ಪಿದ್ದರು. ಕೆಲಸ ಚುರುಕಾಯಿತು. ಅಷ್ಟರಲ್ಲಿ ಒಂದು ದಿನ ಆಸ್ಪತ್ರೆಯಿಂದ ಹಾಸೊಂದು ಮರಳಿ ಬಂತು. ನಟ್ಟನಡುವೆ ಇಸ್ತ್ರಿ ಸುಟ್ಟ ಗುರುತು, ಮೂಲೆಯಲ್ಲಿ ಗಂಟು ಬಿಚ್ಚಿದ ತೂತು. ಆಸ್ಪತ್ರೆಯೇ ಕೈತಪ್ಪುವ ಆತಂಕದಲ್ಲಿದ್ದ ಮಾಲೀಕರು ಖಡಾಖಂಡಿತವಾಗಿ ಹೇಳಿದರು: “ಸಂಜೆಯೊಳಗೆ ಇದು ಯಾರದು ಅಂತ ಗೊತ್ತಾಗಬೇಕು. ಇಲ್ಲಾಂದ್ರೆ ನಾಳೆಯಿಂದ ಹಳೇ ಪದ್ಧತಿ.”

“ನಂಗೆ ಭಯ ಆಗಿದ್ದು ಸುಟ್ಟಿದ್ದಕ್ಕಲ್ಲ, ಗಂಟು ಬಿಚ್ಚಿದ್ದಕ್ಕೆ,” ಎನ್ನುತ್ತಾರೆ ಗಂಟಕ್ಕ. “ಬಿಚ್ಚೋಕೆ ಶುರುಮಾಡಿದ್ರೆ ಮುಗೀತಲ್ಲ?”

ಮಧ್ಯಾಹ್ನದವರೆಗೂ ಯಾರೂ ಒಪ್ಪಿಕೊಳ್ಳಲಿಲ್ಲ. ಆಮೇಲೆ ಹಬೆಯೊಳಗಿಂದ ಒಬ್ಬಳು ಮೆಲ್ಲಗೆ ನಡೆದು ಬಂದಳು. ಹಳದಿ ದಾರದ ಗುಂಪಿನವಳು. ಗಂಟಕ್ಕನ ಗಂಡನ ತಂಗಿ, ಒಂದೇ ಮನೆಯಲ್ಲಿರುವವಳು.

“ಅತ್ತಿಗೆ, ಅದು ನಂದು. ನಿಮ್ಮ ಮನೆಯವಳೇ ಸುಟ್ಟಳು ಅಂತ ಆಡ್ಕೋತಾರಲ್ಲ ಅಂತ ಬಿಚ್ಚಿಬಿಟ್ಟೆ.”

“ಸುಟ್ಟಿದ್ದು ಹೇಗೆ ಕಣೇ?”

“ಉರುಳೆ ವಿಪರೀತ ಕಾದಿತ್ತು. ನಿಲ್ಲಿಸೋಕೆ ನಾನ್ಯಾರು? ಸ್ವಿಚ್ಚು ಇರೋದು ಆಫೀಸ್ ರೂಮಲ್ಲಿ.”

ಗಂಟಕ್ಕ ಬೈಯಲಿಲ್ಲ. ಹೊಣೆಯನ್ನು ನಾದಿನಿಯ ಕೊರಳಿಗೆ ಹಾಕಿ, ಸ್ವಿಚ್ಚನ್ನು ಇನ್ನೊಬ್ಬರ ಕೈಯಲ್ಲಿ ಬಿಟ್ಟದ್ದು ತಾವೇ ಅಲ್ಲವೇ? ನಾಚಿಕೆಯಾಯಿತು. ಅವಳ ಕೈ ಹಿಡಿದುಕೊಂಡೇ ಮಾಲೀಕರ ಮುಂದೆ ಹೋಗಿ ನಿಂತರು.

“ಹಳದಿ, ಸಾರ್. ನಮ್ಮ ನಾದಿನಿ. ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ. ಉರುಳೆ ಪಕ್ಕದಲ್ಲಿ ಒಂದು ಸ್ವಿಚ್ಚು ಹಾಕಿಸಿಕೊಡಿ. ಅಲ್ಲಿ ನಿಂತೋರು ಯಾರಾದ್ರೂ ಸರಿ, ನಿಲ್ಲಿಸೋ ಹಾಗಿರಲಿ.”

ಕೆಲಸದವರೆಲ್ಲ ಕಂಡಕಂಡಾಗ ಯಂತ್ರ ನಿಲ್ಲಿಸಿದರೆ ಗತಿಯೇನು ಎಂದು ಮಾಲೀಕರು ಬಹಳ ಹೊತ್ತು ಯೋಚಿಸಿದರಂತೆ. ಅತ್ತಿಗೆ ನಾದಿನಿ ಇಬ್ಬರೂ ಕದಲಲಿಲ್ಲ. ಮರುದಿನ ಎಲೆಕ್ಟ್ರಿಷಿಯನ್ ಬಂದ. ಸುಟ್ಟ ಹಾಸಿನ ಮೂಲೆಗೆ ಮತ್ತೆ ಹಳದಿ ಗಂಟು ಬಿತ್ತು. ಅದನ್ನು ಕಟ್ಟಿದ್ದು ನಾದಿನಿಯೇ. ಮೊದಲು ವಾಪಸ್ಸು ಬರುವುದೆಂದರೆ ಮೂಟೆ. ಈಗ ಒಂದು ಕಂಕುಳಿಗೆ ಸಾಲುವಷ್ಟು.

ಮಾತಿನ ಮಧ್ಯೆ ಇದ್ದಕ್ಕಿದ್ದಂತೆ ಎಲ್ಲ ಸದ್ದೂ ಅಡಗುತ್ತದೆ. ಉರುಳೆ ನಿಂತಿದೆ. ಹಬೆ ಮೆಲ್ಲಗೆ ಕರಗಿ, ಕಿಟಕಿಯಿಂದ ಬಂದ ಎಳೆಬಿಸಿಲು ಅರ್ಧ ಹೊರಬಂದ ಹಾಸಿನ ಮೇಲೆ ಬೀಳುತ್ತದೆ. ಆ ತುದಿಯಿಂದ ಗಟ್ಟಿಯಾದ ದನಿಯೊಂದು ಕೇಳಿಬರುತ್ತದೆ: “ಅತ್ತಿಗೆ, ನಾನೇ ನಿಲ್ಲಿಸಿದ್ದು! ಬಿಸಿ ಜಾಸ್ತಿ ಆಗಿದೆ!”

ಗಂಟಕ್ಕ ಅತ್ತ ಹೋಗುವುದಿಲ್ಲ. “ನಿಲ್ಲಿಸ್ಲಿ ಬಿಡಿ, ಅವಳಿಗೆ ಗೊತ್ತು,” ಎಂದು ಗೋಡೆಗೊರಗಿ ಕಣ್ಣು ಮುಚ್ಚುತ್ತಾರೆ.

ಆಸೆಯೇನಾದರೂ ಇದೆಯೇ ಎಂದು ಕೇಳಿದರೆ ಕಣ್ಣು ತೆರೆಯದೆಯೇ ಹೇಳುತ್ತಾರೆ:

“ಯಾವತ್ತಾದ್ರೂ ಒಂದು ರಾತ್ರಿ ಲಾಡ್ಜಲ್ಲಿ ಮಲಗ್ಬೇಕು, ನಾವು ಕಳಿಸಿದ ಹಾಸಿನ ಮೇಲೆ. ದೀಪ ಆರಿಸಿ ಮೂಲೆ ಸವರ್ಬೇಕು. ಕತ್ತಲಲ್ಲಿ ಬಣ್ಣ ಗೊತ್ತಾಗಲ್ಲ, ಹಳದಿನೋ ನೀಲಿನೋ. ಗಂಟು ಇದೆ ಅಂತ ಬೆರಳಿಗೆ ಸಿಕ್ಕಿದ್ರೆ ಸಾಕು, ನಂಗೆ ನಿದ್ದೆ ಬರುತ್ತೆ.”