ಅವ್ವನ ವಾಗ್ದಾನದ ಚೀಟಿ

ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚುಗಳಲ್ಲಿ ಒಂದು ತಟ್ಟೆ ತಿರುಗುತ್ತದೆ. ತಟ್ಟೆಯ ತುಂಬ ಬೈಬಲ್ ವಚನ ಬರೆದ ಚೀಟಿಗಳು. ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಂದದ್ದೇ ಆ ವರ್ಷಕ್ಕೆ ದೇವರ ವಾಗ್ದಾನ. ಹೈದರಾಬಾದಿನ ಮಿಯಾಪುರದ ನಮ್ಮ ಮನೆ ಹತ್ತಿರದ ಚರ್ಚಿನಲ್ಲಿ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅವ್ವನಿಗೆ ಇಂಗ್ಲಿಷ್ ಓದಲು ಬರದು. ತನ್ನ ಚೀಟಿಯನ್ನು ನನ್ನ ಕೈಗಿಟ್ಟು, "ಏನ್ ಬಂದೈತಿ, ಓದವ್ವಾ" ಅಂದಳು.

ನೋಡಿದೆ. ಸಾವಿನ ನೆರಳು ಕವಿದ ಕಣಿವೆಯಲ್ಲಿ ನಡೆದರೂ ಹೆದರುವುದಿಲ್ಲ ಎಂಬ ಕೀರ್ತನೆಯ ಮಾತು. ಎರಡು ದಿನದ ಹಿಂದಷ್ಟೇ ಅವ್ವನ ಹೊಟ್ಟೆಯ ಗಡ್ಡೆಯ ರಿಪೋರ್ಟ್ ಬಂದಿತ್ತು. ಕ್ಯಾನ್ಸರ್. ಆಪರೇಷನ್ನಿಗೆ ನಾಲ್ಕೇ ದಿನ ಉಳಿದಿತ್ತು, ಅವಳಿಗೆ ನಾನು ಬರೀ ಗಡ್ಡೆ ಅಂದಿದ್ದೆ. "ಕನ್ನಡಕ ತಂದಿಲ್ಲ, ಆಮ್ಯಾಲ ಓದ್ತೀನಿ" ಎಂದು ಚೀಟಿಯನ್ನು ಪರ್ಸಿಗೆ ತುರುಕಿದೆ.

ಮರುದಿನ ಆಫೀಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಸಾಫ್ಟ್‌ವೇರ್ ಕೆಲಸಕ್ಕೆಂದು ಊರೂರಿನ ಜನ ಹೈದರಾಬಾದಿಗೆ ಬಂದು ಬೀಳುತ್ತಿದ್ದ ಕಾಲ ಅದು. ನನ್ನದು ಟೆಸ್ಟಿಂಗ್: ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಏನು ಬಿಟ್ಟುಹೋಗಿದೆ ಎಂದು ಹುಡುಕುವುದು. ಅದೇ ಚಟದಲ್ಲಿ ಆ ವಚನದ ನಾಲ್ಕು ಇಂಗ್ಲಿಷ್ ಅನುವಾದಗಳನ್ನು ತೆರೆದೆ. ಹಳೆಯದರಲ್ಲಿ ಸಾವು ನಟ್ಟನಡುವೆ ಕೂತಿತ್ತು. ಎರಡನೆಯದರಲ್ಲೂ ಇತ್ತು, ಹಾಳಾಗಲಿ! ಮೂರನೆಯದರಲ್ಲಿ ಗಾಢಾಂಧಕಾರ. ನಾಲ್ಕನೆಯದರಲ್ಲಿ ಬರೀ ಕತ್ತಲ ಕಣಿವೆ. ಎದ್ದೆ, ನೀರು ಕುಡಿದೆ, ಮತ್ತೆ ಕೂತು ಓದಿದೆ. ದೇವರ ಮಾತಿನಲ್ಲೂ ಸೋಸಿ ಆರಿಸುತ್ತಿದ್ದೇನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಆದರೂ ಅವ್ವನಿಗೆ ಕನ್ನಡದಲ್ಲಿ ಅರ್ಥ ಹೇಳಲು ನಾಲ್ಕನೆಯದನ್ನೇ ಪ್ರಿಂಟ್ ತೆಗೆದುಕೊಂಡೆ.

ಸಂಜೆ ಅವ್ವ ಮೊರದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. "ನಿನ್ನ ಚೀಟೀದೇ ಇದು, ದೊಡ್ಡ ಅಕ್ಷರದಾಗ ತಂದೀನಿ" ಅಂದೆ.

"ಮೊದ್ಲು ಇಂಗ್ಲಿಷ್‌ನಾಗ ಓದು, ಕೇಳೂಣು."

ಓದಿದೆ. ಅವಳ ಕೈ ನಿಂತಿತು.

"ಇದರಾಗ ಡೆತ್ ಅಂತ ಬರ್ತಿತ್ತಲ್ಲ?"

ಮದುವೆಗೆ ಮುಂಚೆ ಅವ್ವ ಊರಿನ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಅಲ್ಲಿನ ಬಿಳಿ ನರ್ಸಮ್ಮ ರೋಗಿಗಳ ಪಕ್ಕ ನಿಂತು ಈ ವಚನವನ್ನು ಇಂಗ್ಲಿಷಿನಲ್ಲಿ ಹೇಳುವುದನ್ನು ವರ್ಷಗಟ್ಟಲೆ ಕೇಳಿದ್ದಳು. ಎಂಥ ಹುಚ್ಚಿ ನಾನು, ಅದು ನನಗೆ ಹೊಳೆದೇ ಇರಲಿಲ್ಲ.

"ಅನುವಾದ ಬ್ಯಾರೆ ಬ್ಯಾರೆ ಇರ್ತಾವವ್ವ. ಒಂದರಾಗ ಇರ್ತೈತಿ, ಒಂದರಾಗ ಇರಂಗಿಲ್ಲ."

"ಇರ್ಲಿ. ಇದನ್ನ ಆರಿಸಿದಾಕಿ ಯಾರು?"

ಪ್ರಿಂಟಿನ ಹಾಳೆಯನ್ನು ಮಡಚತೊಡಗಿದೆ.

"ಆ ನರ್ಸಮ್ಮ ಸಾಯೋರ ಮುಂದೂ ಆ ಮಾತು ಹೇಳ್ತಿದ್ಳು, ಆರಾಮಾಗಿ ಮನೀಗಿ ಹೋಗೋರ ಮುಂದೂ ಹೇಳ್ತಿದ್ಳು. ಯಾರ ಮುಂದೂ ನುಂಗಲಿಲ್ಲ. ನೀ ಯಾಕ ಅಂಜಾಕತ್ತೀದಿ? ಡಾಕ್ಟರು ಏನಂದ್ರು, ಖರೇ ಹೇಳು."

ಪರ್ಸಿನಿಂದ ಚೀಟಿ ತೆಗೆದೆ. ರಿಪೋರ್ಟನ್ನೂ ತೆಗೆದೆ. ಎರಡನ್ನೂ ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟೆ. ಅವ್ವ ಮೊರ ಬದಿಗಿಟ್ಟು ನನ್ನನ್ನು ಹತ್ತಿರ ಎಳೆದುಕೊಂಡಳು.

"ಮೊದ್ಲು ರಿಪೋರ್ಟ್ ಓದು. ಆ ವಚನ ನನಗ ಬಾಯಿಪಾಠ ಐತಿ, ಅದನ್ನ ಆಮ್ಯಾಲ ನಾನೇ ನಿನಗ ಹೇಳ್ತೀನಿ."